ಉಪ್ಪುಗಾಳಿಯ ಊರಿನಲ್ಲಿ ಕಾರಿನ ಅಡಿ

ಹಳೆಯ ಕಾರು ಕೊಳ್ಳಲು ಬರುವವರಲ್ಲಿ ವ್ಯವಹಾರ ಗೊತ್ತಿರುವವರು ಮೊದಲು ನಂಬರ್ ಪ್ಲೇಟ್ ನೋಡುತ್ತಾರೆ. ಕೆಎ-19, ಕೆಎ-20 ಅಥವಾ ಕೆಎ-30 ಅಂತ ಇದ್ದರೆ, ಅಂದರೆ ಮಂಗಳೂರು, ಉಡುಪಿ ಅಥವಾ ಕಾರವಾರದ ಗಾಡಿಯಾಗಿದ್ದರೆ, ಬಾನೆಟ್ ಎತ್ತುವುದಕ್ಕೂ ಮೊದಲು ಮಂಡಿಯೂರಿ ಅಡಿಗೆ ಇಣುಕುತ್ತಾರೆ. ಮೊಬೈಲಿನ ಟಾರ್ಚ್ ಹಾಕಿ, ಬಾಗಿಲ ಕೆಳಗಿನ ಪಟ್ಟಿಯನ್ನು ಬೆರಳಿನಿಂದ ತಟ್ಟುತ್ತಾರೆ. ಟಣ್ ಎಂದರೆ ಮಾತು ಮುಂದುವರಿಯುತ್ತದೆ. ಕೆಂಪು ಪುಡಿ ಉದುರಿದರೆ ಒಂದೋ ವ್ಯಾಪಾರ ಅಲ್ಲಿಗೇ ಮುಗಿಯಿತು, ಇಲ್ಲವೋ ಚೌಕಾಸಿ ಶುರುವಾಯಿತು.

ಕಾರಣ ಕೇಳಿದರೆ ಎಲ್ಲರೂ ಹೇಳುವುದು ಒಂದೇ: "ಕರಾವಳಿ ಅಲ್ವಾ, ಮಳೆ ಜಾಸ್ತಿ." ನಾನೂ ತುಂಬಾ ವರ್ಷ ಹಾಗೇ ಅಂದುಕೊಂಡಿದ್ದೆ. ಆದರೆ ಮಳೆಯೇ ಕಾರಣವಾಗಿದ್ದರೆ ನಮಗಿಂತ ಎಷ್ಟೋ ಹೆಚ್ಚು ಮಳೆ ಸುರಿಯುವ ಆಗುಂಬೆಯ ಗಾಡಿ ಅಂದರೆ ಜನ ಇನ್ನೂ ಹೆದರಬೇಕಿತ್ತು. ಹಾಗೇನೂ ಇಲ್ಲ. ಹೆದರುವುದು ಕಡಲ ಪಕ್ಕದ ಗಾಡಿಗೆ. ವ್ಯತ್ಯಾಸ ಇರುವುದು ಉಪ್ಪಿನಲ್ಲಿ.

ಹನಿಯೊಳಗಿನ ಬ್ಯಾಟರಿ

ಕಬ್ಬಿಣ ನಮಗೆ ನೆಲದಲ್ಲಿ ಸಿಗುವುದೇ ಹೆಚ್ಚು ಕಡಿಮೆ ತುಕ್ಕಿನ ರೂಪದಲ್ಲಿ. ಬಳ್ಳಾರಿಯ ಅದಿರು ಕೆಂಪಗಿರುವುದು ಅದಕ್ಕೇ. ಕುಲುಮೆಯಲ್ಲಿ ಕಾಯಿಸಿ, ಆಮ್ಲಜನಕವನ್ನು ಬಿಡಿಸಿ, ಉಕ್ಕು ಮಾಡುತ್ತೇವೆ. ಸಮಯ ಸಿಕ್ಕರೆ ಅದು ಮತ್ತೆ ಹಳೆಯ ಜೋಡಿಯನ್ನು ಸೇರಿಕೊಳ್ಳುತ್ತದೆ. ಒಣ ಗಾಳಿಯಲ್ಲಿ ಈ ಕೆಲಸ ತೀರಾ ನಿಧಾನ. ಅದಕ್ಕೆ ನೀರು ಬೇಕು.

ತಗಡಿನ ಮೇಲೆ ಒಂದು ಹನಿ ನೀರು ಕೂತರೆ ಅಲ್ಲೊಂದು ಪುಟ್ಟ ಬ್ಯಾಟರಿ ಹುಟ್ಟುತ್ತದೆ. ಹನಿಯ ಒಂದು ಜಾಗದಲ್ಲಿ ಕಬ್ಬಿಣ ಎಲೆಕ್ಟ್ರಾನ್‌ಗಳನ್ನು ಬಿಟ್ಟು ನೀರಿಗೆ ಕರಗುತ್ತದೆ. ಆ ಎಲೆಕ್ಟ್ರಾನ್‌ಗಳು ಲೋಹದ ಒಳಗೇ ಹರಿದು ಇನ್ನೊಂದು ಜಾಗಕ್ಕೆ ಹೋಗಿ, ಅಲ್ಲಿ ನೀರಿನಲ್ಲಿ ಬೆರೆತಿರುವ ಆಮ್ಲಜನಕಕ್ಕೆ ಸಿಗುತ್ತವೆ. ಈ ಸುತ್ತು ಪೂರ್ತಿಯಾಗಬೇಕಾದರೆ ನೀರಿನೊಳಗೂ ವಿದ್ಯುತ್ ಹರಿಯಬೇಕು. ಮಳೆನೀರಿನಲ್ಲಿ ಅದು ಸರಾಗವಾಗಿ ಹರಿಯುವುದಿಲ್ಲ. ಬ್ಯಾಟರಿ ಕುಂಟುತ್ತಾ ನಡೆಯುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಕರಗಿರುತ್ತದೆ. ಅದರ ಹನಿ ಕೂತರೆ ಬ್ಯಾಟರಿ ಓಡತೊಡಗುತ್ತದೆ. ಸಾಲದು ಅಂತ, ಉಪ್ಪಿನಲ್ಲಿರುವ ಕ್ಲೋರೈಡ್ ಲೋಹದ ಮೇಲೆ ತಾನಾಗಿ ಕಟ್ಟಿಕೊಂಡಿರುವ ತೆಳು ರಕ್ಷಣೆಯ ಪದರವನ್ನೂ ತೂತು ಮಾಡುತ್ತದೆ.

ಉಪ್ಪಿನ ಇನ್ನೊಂದು ಗುಣವನ್ನು ನಮ್ಮ ಅಡುಗೆಮನೆಗಳೇ ತೋರಿಸಿಕೊಡುತ್ತವೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯಲ್ಲಿ, ಉಪ್ಪಿನ ಭರಣಿ ಮುಚ್ಚಳ ತೆರೆದರೆ ಒಳಗೆ ಪಸೆ ಪಸೆ. ಯಾರೂ ನೀರು ಹಾಕಿರುವುದಿಲ್ಲ. ಗಾಳಿಯ ತೇವ ಸುಮಾರು ಶೇ. 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಸ್ವಲ್ಪ ಮೆಗ್ನೀಷಿಯಂ ಕ್ಲೋರೈಡ್ ಕೂಡ ಇರುತ್ತದೆ. ಅದಕ್ಕೆ ತೇವ ಶೇ. 33 ಇದ್ದರೂ ಸಾಕು. ಅಂದರೆ ಕಾರಿನ ಅಡಿಗೆ ಒಮ್ಮೆ ಉಪ್ಪು ಅಂಟಿದರೆ, ಮಳೆ ಇಲ್ಲದ ಜನವರಿಯಲ್ಲೂ ಆ ಜಾಗ ಪೂರ್ತಿ ಒಣಗುವುದೇ ಇಲ್ಲ. ಕಣ್ಣಿಗೆ ಒಣಗಿದ ಹಾಗೆ ಕಾಣುತ್ತದೆ, ಅಷ್ಟೇ. ತುಕ್ಕಿನ ವಿಷಯದಲ್ಲಿ ಎಷ್ಟು ನೀರು ಬಿತ್ತು ಎನ್ನುವುದಕ್ಕಿಂತ ಎಷ್ಟು ಹೊತ್ತು ಒದ್ದೆಯಾಗಿತ್ತು ಎನ್ನುವ ಲೆಕ್ಕ ಮುಖ್ಯ. ಉಪ್ಪು ಆ ಹೊತ್ತನ್ನು ಎಳೆಯುತ್ತಾ ಹೋಗುತ್ತದೆ.

ಇನ್ನೊಂದು ವಿಚಿತ್ರ ಇದೆ. ಕೇಂಬ್ರಿಜ್‌ನ ವಿಜ್ಞಾನಿ ಯು. ಆರ್. ಇವಾನ್ಸ್ 1920ರ ದಶಕದಲ್ಲಿ ಉಕ್ಕಿನ ಮೇಲೆ ಉಪ್ಪುನೀರಿನ ಹನಿ ಇಟ್ಟು ತೋರಿಸಿದ್ದು. ಹನಿಯ ಅಂಚಿಗೆ ಗಾಳಿ ಚೆನ್ನಾಗಿ ಸಿಗುತ್ತದೆ, ನಡುವಿಗೆ ಕಡಿಮೆ. ಗಾಳಿ ಸಿಗುವ ಅಂಚಿನಲ್ಲೇ ಕಬ್ಬಿಣ ಸವೆಯಬೇಕು ಅನ್ನಿಸುತ್ತದೆ, ಅಲ್ವಾ? ಆಗುವುದು ಉಲ್ಟಾ. ಸವೆಯುವುದು ನಡುವಿನಲ್ಲಿ, ಆಮ್ಲಜನಕ ಕಡಿಮೆ ಇರುವ ಕಡೆ. ಅಂಚು ಉಳಿದುಕೊಳ್ಳುತ್ತದೆ.

ಈ ಒಂದು ಹನಿಯ ಪಾಠ ಹಿಡಿದುಕೊಂಡು ಕಾರಿನ ಅಡಿ ನೋಡಿದರೆ ಎಷ್ಟೋ ವಿಷಯ ಅರ್ಥವಾಗುತ್ತದೆ. ಬಯಲಾಗಿರುವ ದೊಡ್ಡ ತಗಡು ಮೊದಲು ಹೋಗುವುದಿಲ್ಲ. ಮಡ್‌ಗಾರ್ಡಿನ ಒಳಮೂಲೆಯಲ್ಲಿ ಕೆಸರು ಕಟ್ಟಿಕೊಂಡ ಕಡೆ, ಎರಡು ತಗಡು ಒಂದರ ಮೇಲೊಂದು ಕೂತು ವೆಲ್ಡ್ ಆದ ಸಂದಿನಲ್ಲಿ, ಕ್ಲಿಪ್ಪಿನ ಕೆಳಗೆ, ಪೇಂಟು ಸ್ವಲ್ಪ ಎದ್ದು ಅಡಿಗೆ ನೀರು ನುಗ್ಗಿದ ಕಡೆ ತುಕ್ಕು ಒಳಗೊಳಗೇ ಕೆಲಸ ಮಾಡುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಉಬ್ಬಿ, ಪೇಂಟನ್ನು ಎಬ್ಬಿಸಿ, ಇನ್ನಷ್ಟು ನೀರಿಗೆ ದಾರಿ ಮಾಡುತ್ತದೆ. ಹೊರಗೆ ಸಣ್ಣ ಗುಳ್ಳೆ ಕಂಡಿತು ಅಂದರೆ ಒಳಗಿನ ಕತೆ ಅರ್ಧ ಮುಗಿದಿದೆ ಅಂತಲೇ ಇಟ್ಟುಕೊಳ್ಳಿ.

ಉಪ್ಪು ಬರುವ ದಾರಿಗಳು

ಅಲೆ ಒಡೆದಾಗ ಏಳುವ ಸಣ್ಣ ಸಣ್ಣ ಹನಿಗಳು ಗಾಳಿಯಲ್ಲಿ ತೇಲಿ ಬರುತ್ತವೆ. ಕಡಲಿನಿಂದ ಮೊದಲ ಕೆಲವು ನೂರು ಮೀಟರ್‌ಗಳಲ್ಲಿ ಇದರ ಕಾಟ ವಿಪರೀತ. ಒಳನಾಡಿಗೆ ಹೋದ ಹಾಗೆ ಬೇಗ ಕಡಿಮೆಯಾಗುತ್ತದೆ. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಫೋಟೋ ತೆಗೆಯಲು ಸ್ವರ್ಗ. ಕಾರಿನ ಅಡಿಗೆ ಅದೊಂದು ಉಪ್ಪಿನ ಸ್ನಾನ.

ಎರಡನೆಯದು ಮೀನಿನ ಲಾರಿ. ಮಲ್ಪೆ ಕಡೆಯಿಂದ, ಮಂಗಳೂರಿನ ದಕ್ಕೆಯಿಂದ ಹೊರಡುವ ಲಾರಿಗಳ ಹಿಂದೆ ಹೋದವರಿಗೆ ಹೇಳಬೇಕಾಗಿಲ್ಲ. ಐಸು, ಉಪ್ಪು, ಮೀನಿನ ನೀರು ಎಲ್ಲ ಸೇರಿ ರಸ್ತೆಯ ಮೇಲೆ ಸುರಿಯುತ್ತದೆ. ಬೈಕಿನವರು ಜಾರಿ ಬೀಳುವುದು ಎಲ್ಲರಿಗೂ ಕಾಣುತ್ತದೆ. ಅದೇ ನೀರು ನಮ್ಮ ಟೈರಿಗೆ ಸಿಕ್ಕಿ ಅಡಿಗೆ ಎರಚುವುದು ಕಾಣುವುದಿಲ್ಲ.

ಮೂರನೆಯದು ನಾವೇ ಹೋಗಿ ತಂದುಕೊಳ್ಳುವುದು. ಕಣ್ಣೂರಿನ ಹತ್ತಿರ ಮುಳಪ್ಪಿಲಂಗಾಡ್ ಅಂತ ಒಂದು ಬೀಚ್ ಇದೆ, ಸುಮಾರು 4 ಕಿಲೋಮೀಟರ್ ಮರಳಿನ ಮೇಲೆ ಕಾರು ಓಡಿಸಬಹುದು. ಮಂಗಳೂರಿನಿಂದ ಹೋಗಿ ಬರುವವರು ತುಂಬಾ ಜನ. ಹೋಗಬೇಡಿ ಅಂತ ನಾನು ಹೇಳುವುದಿಲ್ಲ, ನಾನೂ ಹೋಗಿದ್ದೇನೆ. ಅಲೆಯ ನೀರಿಗೆ ಚಕ್ರ ಇಳಿಸಿ ರೀಲ್ಸ್ ಮಾಡುವವರನ್ನು ಕಂಡರೆ ಮಾತ್ರ ಹೊಟ್ಟೆ ಉರಿಯುತ್ತದೆ. ಇಳಿಸಿದ್ದೇ ಆದರೆ ಅದೇ ದಿನ ಸಿಹಿನೀರಿನಲ್ಲಿ ಅಡಿ ತೊಳೆಸಬೇಕು. ನಾಳೆ, ನಾಡಿದ್ದು ಅಂದರೆ ಆಗಲಿಲ್ಲ.

ಇಲ್ಲಿ ಒಂದು ತಮಾಷೆ ಗಮನಿಸಿ. ಜೂನಿನ ಮಳೆ ಕಾರಿನ ತಲೆಯ ಮೇಲಿನ ಉಪ್ಪನ್ನು ಪುಕ್ಕಟೆ ತೊಳೆದುಕೊಡುತ್ತದೆ. ಅಡಿಗೆ ಆ ಭಾಗ್ಯ ಇಲ್ಲ. ಅಲ್ಲಿಗೆ ಹೋಗುವುದು ಟೈರು ಎರಚಿದ ಕೆಸರುನೀರು ಮಾತ್ರ. ಇನ್ನು ಅಕ್ಟೋಬರಿನಿಂದ ಮೇ ತನಕ ಮಳೆಯೂ ಕಡಿಮೆ. ದಿನಾ ಮಧ್ಯಾಹ್ನದ ಮೇಲೆ ಕಡಲಗಾಳಿ, ರಾತ್ರಿ ಇಬ್ಬನಿ. ಮಳೆಗಾಲದಲ್ಲಿ ಕಾರಿನ ಬಗ್ಗೆ ತಲೆಕೆಡಿಸಿಕೊಳ್ಳುವ ನಾವು ಈ ಎಂಟು ತಿಂಗಳು ಅಡಿಯನ್ನು ಮರೆತೇಬಿಡುತ್ತೇವೆ. ಉಪ್ಪು ಪದರ ಪದರವಾಗಿ ಕೂರುವುದು ಆಗಲೇ.

ಹಿಮದ ನಾಡಿನವರ ಪಾಡು

ನಮಗೆ ಗಾಳಿ ತಂದುಕೊಡುವ ಉಪ್ಪನ್ನು ಅಮೆರಿಕ, ಕೆನಡಾದ ಚಳಿ ಊರುಗಳಲ್ಲಿ ಲಾರಿಯಲ್ಲಿ ತಂದು ಸುರಿಯುತ್ತಾರೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ. ಸರಿಯಾದ ಪ್ರಮಾಣದಲ್ಲಿ ಬೆರೆತರೆ ಸುಮಾರು ಮೈನಸ್ 21 ಡಿಗ್ರಿವರೆಗೂ ನೀರಾಗಿಯೇ ಇರುತ್ತದೆ. ಅದಕ್ಕೇ ಹಿಮ ಬೀಳುವ ರಸ್ತೆಗೆ ಉಪ್ಪು. ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ 1930ರ ದಶಕದ ಕೊನೆಯಲ್ಲಿ ಪ್ರಯೋಗವಾಗಿ ಶುರುವಾದದ್ದು ಈಗ ಆ ಕಡೆಯ ಎಲ್ಲ ಊರಿನ ಮಾಮೂಲಿ ಕೆಲಸ. ಡೆಟ್ರಾಯ್ಟ್, ಶಿಕಾಗೊ, ಟೊರಾಂಟೊದಲ್ಲಿರುವ ನಮ್ಮವರು ಚಳಿಗಾಲ ಮುಗಿಯುವ ಹೊತ್ತಿಗೆ ಬಿಳಿ ಪುಡಿ ಮೆತ್ತಿದ ಕಾರಿನ ಫೋಟೋ ಕಳಿಸುತ್ತಾರಲ್ಲ, ಅದು ಇದೇ.

ಅಲ್ಲಿನ ಕತೆಗಳು ಸಣ್ಣವಲ್ಲ. ಪಿಕಪ್ ಮತ್ತು ಎಸ್‌ಯುವಿಗಳ ಚಾಸಿಯೇ ತುಕ್ಕು ಹಿಡಿದು ತೂತು ಬಿದ್ದ ಪ್ರಕರಣದಲ್ಲಿ ಟೊಯೊಟ ಕಂಪನಿ 2016ರಲ್ಲಿ ಸುಮಾರು 15 ಲಕ್ಷ ಗಾಡಿಗಳ ಬಗ್ಗೆ ರಾಜಿಗೆ ಒಪ್ಪಿತು. ಅದರ ಮೊತ್ತ 340 ಕೋಟಿ ಡಾಲರ್‌ವರೆಗೆ ಹೋಗಬಹುದು ಎಂದು ಲೆಕ್ಕ ಹಾಕಿದ್ದರು. 2015ರಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಹಳೆಯ ಗಾಡಿಗಳ ಬ್ರೇಕ್ ಪೈಪ್ ತುಕ್ಕು ಹಿಡಿದು ಒಡೆಯುವ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಅಡಿಯನ್ನು ತೊಳೆಯುತ್ತಾ ಇರಿ, ಪೈಪುಗಳನ್ನು ತೋರಿಸುತ್ತಾ ಇರಿ ಎಂಬುದು ಅದರ ಸಾರ.

ಅಲ್ಲಿನವರಿಗೆ ಗೊತ್ತಿರುವ ಒಂದು ಗುಟ್ಟು ನಮಗೂ ಬೇಕು. ಉಪ್ಪು ಮೆತ್ತಿದ ಕಾರನ್ನು ಬೆಚ್ಚಗಿನ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ಹೊರಗಿನ ಚಳಿಯಲ್ಲಿ ನಿಲ್ಲಿಸಿದ್ದಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ. ಹಿಮ ಕರಗಿ ಉಪ್ಪುನೀರಾಗುತ್ತದೆ, ಬಿಸಿಗೆ ತುಕ್ಕಿನ ಕೆಲಸವೂ ಚುರುಕಾಗುತ್ತದೆ. ನಮ್ಮಲ್ಲಿ ಇದರ ಜೋಡಿ ಎಂದರೆ ಪ್ಲಾಸ್ಟಿಕ್ ಕವರ್. ಒದ್ದೆ ಕಾರಿಗೆ ಪ್ರೀತಿಯಿಂದ ಕವರ್ ಹೊದಿಸಿ ಕಟ್ಟಿಬಿಡುತ್ತೇವೆ. ಒಳಗೆ ಹಬೆ ಕಟ್ಟಿಕೊಳ್ಳುತ್ತದೆ. ಅದಕ್ಕಿಂತ ಬರೀ ಮಾಡಿನ ಕೆಳಗೆ, ಗಾಳಿಯಾಡುವ ಕಡೆ ನಿಲ್ಲಿಸುವುದೇ ವಾಸಿ.

ಕಂಪನಿಯವರು ಕೊಟ್ಟದ್ದು, ಗ್ಯಾರೇಜಿನವರು ಮಾರುವುದು

ಹೊಸ ಕಾರು ಬರಿಮೈಯಲ್ಲಿ ಬರುವುದಿಲ್ಲ. ಉಕ್ಕಿನ ತಗಡಿಗೆ ಹಲವು ಕಡೆ ಸತುವಿನ ಲೇಪ ಇರುತ್ತದೆ. ಸತು ಕಬ್ಬಿಣಕ್ಕಿಂತ ಬೇಗ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಹಾಗಾಗಿ ಗೀರು ಬಿದ್ದರೂ ಮೊದಲು ತಾನು ಸವೆದು ಪಕ್ಕದ ಕಬ್ಬಿಣವನ್ನು ಕಾಯುತ್ತದೆ. ಅದರ ಮೇಲೆ ಇಡೀ ಬಾಡಿಯನ್ನು ದೊಡ್ಡ ತೊಟ್ಟಿಯ ಪೇಂಟಿನಲ್ಲಿ ಮುಳುಗಿಸಿ ಕರೆಂಟು ಹಾಯಿಸುತ್ತಾರೆ. ಪೇಂಟಿನ ಕಣಗಳು ಸಂದುಗೊಂದಿಗೂ ಹೋಗಿ ಅಂಟುತ್ತವೆ. ಆ ಪದರ ಸುಮಾರು 20 ಮೈಕ್ರಾನ್ ದಪ್ಪ, ತಲೆಕೂದಲಿಗಿಂತ ತೆಳು. ಆದರೂ ಗ್ಯಾರೇಜಿನಲ್ಲಿ ಆಮೇಲೆ ಏನು ಬಳಿದರೂ ಇದಕ್ಕೆ ಸಮ ಬರುವುದಿಲ್ಲ. ಆಮೇಲೆ ಬೆಸುಗೆಯ ಸಂದುಗಳಿಗೆ ಸೀಲರ್, ಕಲ್ಲು ಬಡಿಯುವ ಕಡೆ ಮೆತ್ತನೆಯ ಪಿವಿಸಿ ಲೇಪ, ಕೆಲವು ಟೊಳ್ಳು ಭಾಗಗಳಿಗೆ ಮೇಣ.

ಇಷ್ಟೆಲ್ಲ ಇದ್ದ ಮೇಲೆ ಡೆಲಿವರಿ ದಿನ "ಸರ್, ಆಂಟಿ ರಸ್ಟ್ ಕೋಟಿಂಗ್ ಹಾಕಿಸಿಬಿಡೋಣ" ಎನ್ನುವುದು ಯಾಕೆ? ಕಡಲ ಪಕ್ಕದಲ್ಲಿದ್ದರೆ ಅದು ದುಡ್ಡು ದಂಡ ಅಂತ ನಾನು ಹೇಳುವುದಿಲ್ಲ. ಏನು ಹಾಕುತ್ತಾರೆ, ಯಾವುದರ ಮೇಲೆ ಹಾಕುತ್ತಾರೆ ಎಂದು ಕೇಳಬೇಕು. ಕಪ್ಪಗೆ ದಪ್ಪಗೆ ರಬ್ಬರಿನಂತೆ ಕೂರುವ ಕೋಟಿಂಗ್ ಒಂದು ಜಾತಿ. ಶುದ್ಧವಾದ, ಒಣಗಿದ, ಹೊಸ ತಗಡಿನ ಮೇಲೆ ಕೂತರೆ ಕಲ್ಲಿನ ಹೊಡೆತ ತಡೆಯುತ್ತದೆ, ಸದ್ದೂ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಎಲ್ಲಾದರೂ ಒಂದು ಕಡೆ ಬಿರುಕು ಬಿಟ್ಟರೆ ನೀರು ಒಳಗೆ ನುಗ್ಗುತ್ತದೆ, ಹೊರಗೆ ಬರುವುದಿಲ್ಲ. ಇವಾನ್ಸ್ ಅವರ ಹನಿಯ ನಡುಭಾಗ ನೆನಪಾಯಿತೇ?

ನನ್ನ ಹಳೆಯ ಕಾರಿಗೆ ಆದದ್ದು ಇದೇ. ಮೇ ತಿಂಗಳ ಕೊನೆ, ಮಳೆ ಬರುವ ಗಡಿಬಿಡಿ, ಗ್ಯಾರೇಜಿನಲ್ಲಿ ಸಾಲು. ಬೆಳಿಗ್ಗೆ ವಾಟರ್ ಸರ್ವಿಸ್ ಮಾಡಿ, ಮಧ್ಯಾಹ್ನ ಕಪ್ಪು ಬಳಿದು, ಸಂಜೆ ಕೀ ಕೊಟ್ಟರು. ಅಡಿ ಮಿರಮಿರ ಮಿಂಚುತ್ತಿತ್ತು. ನನಗೂ ಖುಷಿ. ಎರಡು ಮಳೆಗಾಲ ಕಳೆದ ಮೇಲೆ ಇನ್ನೊಬ್ಬ ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದರೆ ನೀರುದೋಸೆ ಏಳುವ ಹಾಗೆ ಹಾಳೆ ಹಾಳೆಯಾಗಿ ಎದ್ದು ಬಂತು. ಕೆಳಗೆ ಕೆಂಪು ಮಣ್ಣು, ಅದರ ಕೆಳಗೆ ಕೆಂಪು ತಗಡು. ಸಂದಿನ ನೀರು ಆರಲು ಬಿಡದೆ ಬಳಿದದ್ದು ಒಂದು ತಪ್ಪು, ನಿಂತು ನೋಡದೆ ಬಂದದ್ದು ನನ್ನ ತಪ್ಪು.

ಇನ್ನೊಂದು ಜಾತಿ ಮೇಣ ಅಥವಾ ಎಣ್ಣೆಯ ಕೋಟಿಂಗ್. ಕುರಿಯ ಉಣ್ಣೆಯ ಜಿಡ್ಡಿನಿಂದ ಮಾಡಿದ ಲ್ಯಾನೊಲಿನ್ ಕೂಡ ಇದೇ ಬಗೆ. ನೋಡಲು ಚಂದ ಇಲ್ಲ, ಧೂಳು ಹಿಡಿಯುತ್ತದೆ, ವರ್ಷಕ್ಕೋ ಎರಡು ವರ್ಷಕ್ಕೋ ಮತ್ತೆ ಹೊಡೆಸಬೇಕು. ಆದರೆ ಗಟ್ಟಿಯಾಗದೆ ಮೆತ್ತಗೇ ಇರುವುದರಿಂದ ಸಂದಿಗೆ ಇಳಿಯುತ್ತದೆ, ಸಣ್ಣ ಗೀರು ಬಿದ್ದರೆ ತಾನೇ ಹರಡಿ ಮುಚ್ಚುತ್ತದೆ. ಹಳೆಯ ಗಾಡಿಗೆ ನನ್ನ ಮತ ಇದಕ್ಕೇ. ಬಾಗಿಲ ಕೆಳಗಿನ ಟೊಳ್ಳು ಪಟ್ಟಿಯ ಒಳಗೂ ಉದ್ದ ನಳಿಗೆ ತೂರಿಸಿ ಹೊಡೆಯುವವರು ಸಿಕ್ಕರೆ ಬಿಡಬೇಡಿ, ಯಾಕೆಂದರೆ ಆ ಭಾಗ ಒಳಗಿನಿಂದಲೇ ಹೋಗುವುದು.

ಬಳಸಿದ ಎಂಜಿನ್ ಆಯಿಲ್ ಹೊಡೆಸುವ ಹಳೆಯ ಪದ್ಧತಿ ಲಾರಿಯವರಲ್ಲಿ ಇನ್ನೂ ಇದೆ. ತುಕ್ಕು ತಡೆಯುತ್ತದೆ ಎಂಬುದು ಸುಳ್ಳಲ್ಲ. ಆದರೆ ರಬ್ಬರ್ ಬುಷ್‌ಗಳು ಉಬ್ಬಿ ಹಾಳಾಗುತ್ತವೆ, ಉಳಿದದ್ದು ತೊಟ್ಟಿಕ್ಕಿ ಬಾವಿಗೋ ತೋಡಿಗೋ ಸೇರುತ್ತದೆ. ಇನ್ನು ಬ್ಯಾಟರಿಗೆ ಜೋಡಿಸುವ, "ಎಲೆಕ್ಟ್ರಾನಿಕ್ ತುಕ್ಕು ನಿವಾರಕ" ಎನ್ನುವ ಡಬ್ಬಿಗಳು. ನೀರಿನಲ್ಲಿ ಮುಳುಗಿರುವ ಹಡಗಿನ ಅಡಿಗೆ, ಮಣ್ಣಲ್ಲಿ ಹೂತ ಪೈಪಿಗೆ ಆ ವಿದ್ಯೆ ನಡೆಯುತ್ತದೆ, ಸುತ್ತ ಎಲ್ಲ ಕಡೆ ವಿದ್ಯುತ್ ಹರಿಯಲು ನೀರೋ ಒದ್ದೆ ಮಣ್ಣೋ ಇರುತ್ತದೆ. ಕಾರು ಗಾಳಿಯಲ್ಲಿ ಓಡುವ ವಸ್ತು. ಆ ದುಡ್ಡಿಗೆ ಹತ್ತು ಸಲ ಅಡಿ ತೊಳೆಸಬಹುದು.

ತೊಳೆಯುವುದು, ಒಣಗಿಸುವುದು, ಆಮೇಲೆ ಬಳಿಯುವುದು

ಕೋಟಿಂಗ್ ಹಾಕಿಸುವ ಕಾಲ ಮೇ ಕೊನೆ ಅಲ್ಲ. ಫೆಬ್ರವರಿ, ಮಾರ್ಚ್. ಬಿಸಿಲು ಚೆನ್ನಾಗಿರುತ್ತದೆ, ಗ್ಯಾರೇಜಿನಲ್ಲಿ ಸಾಲೂ ಇರುವುದಿಲ್ಲ. ಅಡಿ ತೊಳೆಸಿ ಕನಿಷ್ಠ ಒಂದು ದಿನ ಒಣಗಲು ಬಿಡಿ ಎಂದು ಕೇಳಿ. ಈಗಾಗಲೇ ತುಕ್ಕು ಇದ್ದರೆ ವೈರ್ ಬ್ರಷ್ ಹಾಕಿ, ಏಳುವುದನ್ನೆಲ್ಲ ಎಬ್ಬಿಸಿ, ತುಕ್ಕು ಪರಿವರ್ತಕ (ಉಳಿದ ತುಕ್ಕನ್ನು ಗಟ್ಟಿ ಪದರವಾಗಿಸುವ ದ್ರವ) ಹಚ್ಚಿ, ಪ್ರೈಮರ್ ಆದ ಮೇಲೆಯೇ ಉಳಿದದ್ದು. ಈ ಪರಿವರ್ತಕಗಳಲ್ಲಿ ಹಲವು ಟ್ಯಾನಿನ್‌ನಿಂದ, ಅಂದರೆ ಕಾಯಿ ತೊಗಟೆಗಳ ಒಗರಿನ ಅಂಶದಿಂದ, ಮಾಡಿದವು, ಹಚ್ಚಿದ ಜಾಗ ಕಪ್ಪಾಗುತ್ತದೆ. ಮೆಟ್ಟುಕತ್ತಿಯಲ್ಲಿ ಬಾಳೆಕಾಯಿ ಕೊಚ್ಚಿದಾಗ ಅಲಗು ಕಪ್ಪಾಗುತ್ತದಲ್ಲ, ಅದೇ ರಸಾಯನ. ತೂತು ಬಿದ್ದ ತಗಡಿಗೆ ಇದ್ಯಾವುದೂ ಮದ್ದಲ್ಲ. ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಬೇಕು, ಪುಟ್ಟಿ ಮೆತ್ತಿ ಪೇಂಟು ಹೊಡೆದರೆ ಒಂದು ಮಳೆಗಾಲದ ಆಟ.

ಬಳಿಯುವಾಗ ಸೈಲೆನ್ಸರ್, ಬ್ರೇಕ್ ಡಿಸ್ಕ್, ಆ್ಯಕ್ಸಲ್‌ನ ರಬ್ಬರ್ ಬೂಟು, ಸೆನ್ಸರ್‌ಗಳ ಮೇಲೆ ಬೀಳಬಾರದು. ಬಾಗಿಲ ಅಡಿ ಮತ್ತು ಪಕ್ಕದ ಪಟ್ಟಿಯಲ್ಲಿ ನೀರು ಇಳಿದು ಹೋಗಲು ಸಣ್ಣ ತೂತುಗಳಿರುತ್ತವೆ. ಅವು ಮುಚ್ಚಿಹೋದರೆ ಬಾಗಿಲು ನೀರು ತುಂಬಿದ ಕೊಡ. ಕೀ ತೆಗೆದುಕೊಳ್ಳುವ ಮೊದಲು ತೆಳು ತಂತಿ ಹಾಕಿ ನೋಡಿ. ಮನೆಯಲ್ಲೂ ವರ್ಷಕ್ಕೆ ಎರಡು ಸಲ ನೋಡಿ, ತರಗೆಲೆ ಮತ್ತು ಕೆಸರು ಸೇರಿಕೊಂಡಿರುತ್ತದೆ. ಎಲೆಕ್ಟ್ರಿಕ್ ಕಾರಾದರೆ ಅಡಿಯಲ್ಲಿರುವುದು ಬ್ಯಾಟರಿಯ ಪೆಟ್ಟಿಗೆ. ಕಂಪನಿಯವರನ್ನು ಕೇಳದೆ ಅದರ ಮೇಲೆ ಏನೂ ಹೊಡೆಸಬೇಡಿ.

ಕೋಟಿಂಗ್ ಇರಲಿ ಬಿಡಲಿ, ತೊಳೆಯುವುದು ತಪ್ಪಬಾರದು. ಕಡಲಿಗೆ ತೀರಾ ಹತ್ತಿರ ಇರುವವರು ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಸ್ವಲ್ಪ ಒಳಗಿರುವವರು ತಿಂಗಳಿಗೊಮ್ಮೆ ತೊಳೆದರೆ ಸಾಕು ಎಂಬುದು ನನ್ನ ಅಂದಾಜು. ವಾಟರ್ ಸರ್ವಿಸ್‌ಗೆ ಹೋದರೆ ರ್‍ಯಾಂಪಿನ ಮೇಲೆ ಹತ್ತಿಸಿ, ಚಕ್ರದ ಮೇಲಿನ ಕಮಾನಿನ ಒಳಗೆ ಚೆನ್ನಾಗಿ ನೀರು ಹಾಕಿಸಿ. ಪ್ರೆಷರ್ ಗನ್ ಅನ್ನು ವೈರಿನ ಕನೆಕ್ಟರ್‌ಗಳ ಹತ್ತಿರ ಹಿಡಿಯುವುದು ಬೇಡ. ಮನೆಯಲ್ಲಾದರೆ ತೋಟಕ್ಕೆ ಹಾಕುವ ತಿರುಗುವ ಸ್ಪ್ರಿಂಕ್ಲರ್ ಒಂದನ್ನು ಕಾರಿನ ಅಡಿಗೆ ತಳ್ಳಿ ಕಾಲು ಗಂಟೆ ಬಿಡಿ. ನಮ್ಮ ಅಡಿಕೆ ತೋಟದ ಹಳೆಯ ಸ್ಪ್ರಿಂಕ್ಲರ್‌ಗೆ ಈಗ ಇದೇ ಉದ್ಯೋಗ.

ನೀರು ಯಾವುದು ಎಂದು ಮಾತ್ರ ನೋಡಿಕೊಳ್ಳಿ. ಕಡಲತೀರದ ಎಷ್ಟೋ ಬಾವಿ, ಬೋರ್‌ವೆಲ್‌ಗಳ ನೀರು ಏಪ್ರಿಲ್ ಹೊತ್ತಿಗೆ ಸವುಳಾಗುತ್ತದೆ. ಆ ನೀರಿನಲ್ಲಿ ತೊಳೆದರೆ ಉಪ್ಪನ್ನು ಉಪ್ಪಿನಿಂದಲೇ ತೊಳೆದ ಹಾಗೆ. ಒಂದು ಗುಟುಕು ಬಾಯಿಗೆ ಹಾಕಿ ನೋಡಿದರೆ ಗೊತ್ತಾಗುತ್ತದೆ. ಸವುಳಿದ್ದರೆ ಕೊನೆಗೆ ಎರಡು ಬಕೆಟ್ ನಳದ ನೀರಾದರೂ ಎರಚಿ. ತೊಳೆದ ಕೂಡಲೇ ಶೆಡ್ಡಿಗೆ ಹಾಕದೆ ಹತ್ತು ಕಿಲೋಮೀಟರ್ ಓಡಿಸಿ ಬಂದರೆ ಗಾಳಿಗೆ ಅಡಿ ಆರುತ್ತದೆ.

ಸೈಲೆನ್ಸರಿಗೂ ಆ ಓಟ ಬೇಕು. ಅದು ಒಳಗಿನಿಂದ ತುಕ್ಕು ಹಿಡಿಯುವ ಭಾಗ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ, ಆವಿಯಾಗಿ ಹೊರಗೆ ಹೋಗುತ್ತದೆ. ಬರೀ ಅಂಗಡಿಗೆ ಹೋಗಿ ಬರುವ ಕಾರಿನ ಸೈಲೆನ್ಸರ್ ಬಿಸಿಯಾಗುವುದೇ ಇಲ್ಲ, ನೀರು ಒಳಗೇ ನಿಲ್ಲುತ್ತದೆ.

ಇನ್ನು, ತೊಳೆದ ಮರುದಿನ ಬೆಳಿಗ್ಗೆ ಚಕ್ರದ ಸಂದಿಯಲ್ಲಿ ಬ್ರೇಕ್ ಡಿಸ್ಕ್ ಕೇಸರಿ ಬಣ್ಣಕ್ಕೆ ತಿರುಗಿರುವುದನ್ನು ಕಂಡು ಹೊಸ ಕಾರಿನವರು ಗಾಬರಿಯಿಂದ ಗ್ಯಾರೇಜಿಗೆ ಫೋನ್ ಮಾಡುವುದುಂಟು. ಅದು ಪೇಂಟಿಲ್ಲದ ಬರೀ ಬೀಡು ಕಬ್ಬಿಣ, ಒಂದೇ ರಾತ್ರಿಯಲ್ಲಿ ಬಣ್ಣ ಬರುತ್ತದೆ. ಗೇಟು ದಾಟಿ ಎರಡು ಸಲ ಬ್ರೇಕ್ ಒತ್ತುವಷ್ಟರಲ್ಲಿ ಉಜ್ಜಿ ಹೋಗಿರುತ್ತದೆ.